ಬಿಲ್‌ನಲ್ಲೊಂದು ಕೆಪಾಸಿಟರ್, ಪೊಟ್ಟಣದಲ್ಲಿ ಇನ್ನೊಂದು

ವಿಜಯಪುರ

ಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳ ಬದಲು ಪಾಲಿಯೆಸ್ಟರ್ ಕಳುಹಿಸಿರುವ ಕುರಿತು

ಮಾನ್ಯರೇ,

ಭಾರೀ ವೋಲ್ಟೇಜ್ ಹುಟ್ಟಿಸಿ ಗಾಳಿಯಲ್ಲಿ ಕಿಡಿ ಹಾರಿಸುವ ಟೆಸ್ಲಾ ಕಾಯಿಲ್‌ಗಾಗಿ ನಿಮ್ಮಿಂದ 0.15 ಮೈಕ್ರೋಫ್ಯಾರಡ್, 2000 ವೋಲ್ಟ್‌ನ ಹತ್ತು ಪಾಲಿಪ್ರೊಪಿಲೀನ್ (ಒಳಗಿನ ಪ್ಲಾಸ್ಟಿಕ್ ಹಾಳೆಯ ಬಗೆ) ಕೆಪಾಸಿಟರ್‌ಗಳನ್ನು ತರಿಸಿಕೊಂಡಿದ್ದೆ; ಬಂದದ್ದು ಪಾಲಿಯೆಸ್ಟರ್ ಹಾಳೆಯವು. ಅವು ವಿಪರೀತ ಬಿಸಿಯಾಗುತ್ತಿವೆ ಎಂದು ದೂರಿದರೆ ನಿಮ್ಮವರು ‘ಟ್ಯೂನಿಂಗ್ ಸರಿಯಿಲ್ಲ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು.

ತಂತಿ ಸುತ್ತುವುದು ನನ್ನ ಹೊಟ್ಟೆಪಾಡು. ಸುತ್ತಲಿನ ಹಳ್ಳಿಗಳ ಸುಟ್ಟ ಕೊಳವೆಬಾವಿ ಮೋಟಾರ್‌ಗಳು ನನ್ನ ಅಂಗಡಿಗೇ ಬರುತ್ತವೆ. ಕಾಯಿಲ್‌ಗೆ ಹಳೆಯ ನಿಯಾನ್ ಫಲಕದ 9000 ವೋಲ್ಟ್, 30 ಮಿಲಿಆಂಪಿಯರ್ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಹತ್ತನ್ನೂ ಸರಣಿಯಲ್ಲಿ ಜೋಡಿಸಿದರೆ 0.015 ಮೈಕ್ರೋಫ್ಯಾರಡ್ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್‌ಗೆ ಅಷ್ಟೇ ಬೇಕು. ಕೆಪಾಸಿಟರ್‌ಗಳಿಗೆ ಜೋಡಿಸಿದ ಸುರುಳಿಯಾದ ಪ್ರೈಮರಿಯ ಟ್ಯಾಪನ್ನು (ತಂತಿ ಕಚ್ಚಿಸುವ ಜಾಗ) ಕಾಲು ಸುತ್ತಿನಂತೆ ಸರಿಸುತ್ತ, ಕಿಡಿ ಅತಿ ಉದ್ದವಾಗುವ ಜಾಗದಲ್ಲೇ ಕಚ್ಚಿಸಿದ್ದೇನೆ.

ಈಗ ಆಗುತ್ತಿರುವುದನ್ನು ಕೇಳಿ. ಸ್ವಿಚ್ ಹಾಕಿದ ಕೂಡಲೇ ಮೇಲಿನ ಅಲ್ಯೂಮಿನಿಯಂ ಬಳೆಯಿಂದ ಮೊಳದುದ್ದ ಕಿಡಿ ಹಾರುತ್ತದೆ. ತುಸು ಹೊತ್ತಿನಲ್ಲೇ ಗೇಣುದ್ದಕ್ಕೆ ಇಳಿಯುತ್ತದೆ. ವಿದ್ಯುತ್ ತೆಗೆದು, ಚಾರ್ಜ್ ಇಳಿಸಿ ಮುಟ್ಟಿದರೆ ಕೆಪಾಸಿಟರ್‌ಗಳ ಮೇಲೆ ಬೆರಳು ನಿಲ್ಲುವುದಿಲ್ಲ. ಆರಲು ಬಿಟ್ಟರೆ, ಟ್ಯಾಪ್ ಮುಟ್ಟದೆಯೇ, ಮತ್ತೆ ಮೊಳದುದ್ದ ಕಿಡಿ! ಟ್ಯೂನಿಂಗ್ ತಪ್ಪಿದ್ದರೆ ತಣ್ಣಗಿದ್ದಾಗಲೂ ತಪ್ಪಿರಬೇಕಿತ್ತಲ್ಲವೇ? ಪಾಲಿಯೆಸ್ಟರ್ ಬಿಸಿಯಾದಂತೆಲ್ಲ ಅದರ ಧಾರಣೆ (ಚಾರ್ಜ್ ಹಿಡಿಯುವ ಅಳವು) ಏರುತ್ತದೆ, ಪ್ರೈಮರಿಯ ಆವರ್ತನ ಇಳಿಯುತ್ತದೆ, ಕಿಡಿ ಹಾರಿಸುವ ಸುರುಳಿಯಾದ ಸೆಕೆಂಡರಿಯೊಂದಿಗಿನ ಹೊಂದಾಣಿಕೆ ಕೆಡುತ್ತದೆ. ಹಾಗಾಗಿ ಟ್ಯೂನಿಂಗ್ ಕೆಡುವುದು ನಿಜ; ಕೆಡಿಸುತ್ತಿರುವುದು ನಿಮ್ಮ ಮಾಲು.

ಪರಿಚಯದ ಉಪನ್ಯಾಸಕರೊಬ್ಬರ ಎಲ್‌ಸಿಆರ್ ಮೀಟರ್‌ನಲ್ಲಿ (ಕೆಪಾಸಿಟರ್, ಕಾಯಿಲ್ ಅಳೆಯುವ ಉಪಕರಣ) ನಿಮ್ಮ ಕೆಪಾಸಿಟರನ್ನು 1 ಕಿಲೋಹರ್ಟ್ಸ್‌ಗೆ ಅಳೆದಾಗ ಡಿಸಿಪೇಷನ್ ಫ್ಯಾಕ್ಟರ್, ಅಂದರೆ ಶಕ್ತಿ ಬಿಸಿಯಾಗಿ ಪೋಲಾಗುವ ಅಳತೆ, 0.006 ತೋರಿಸಿತು. ಅವರ ಬಳಿಯಿದ್ದ ಅಸಲಿ ಪಾಲಿಪ್ರೊಪಿಲೀನ್‌ನದು 0.001ಕ್ಕಿಂತ ಕಡಿಮೆ. ಅವರದೇ ಕೆಪಾಸಿಟರ್‌ಗಳನ್ನು ಎರವಲು ತಂದು ಜೋಡಿಸಿದೆ. ಕಿಡಿ ಕುಗ್ಗಲಿಲ್ಲ, ಕೈಗೆ ಬಿಸಿಯೂ ತಾಗಲಿಲ್ಲ. ನಿಮ್ಮವುಗಳಲ್ಲಿ ಒಂದರ ಹೊದಿಕೆ ಕೊನೆಗೆ ಉಬ್ಬಿ ಸೀಳಿತು. ಸರಣಿಯಲ್ಲಿ ಒಂದು ಶಾರ್ಟ್ ಆದರೆ ಅದರ ಪಾಲಿನ ವೋಲ್ಟೇಜ್ ಉಳಿದವುಗಳ ಮೇಲೆ ಬೀಳುತ್ತದೆ. ಫೆಬ್ರವರಿ 28ರ ವಿಜ್ಞಾನ ದಿನದಂದು ಈ ಕಾಯಿಲನ್ನು ಶಾಲಾ ಮಕ್ಕಳೆದುರು ಇಡಬೇಕೆಂದಿದ್ದೆ. ನನ್ನ ಅಂಗಡಿಯಲ್ಲೇ ಸೀಳಿದ್ದು ಪುಣ್ಯ.

ಬದಲಿ ಮಾಲು ನನಗೆ ಬೇಡ. ಪೂರ್ತಿ ಹಣವನ್ನೂ ಕೊರಿಯರ್ ವೆಚ್ಚವನ್ನೂ ಮರಳಿಸಿ. ಜಾಲತಾಣದಲ್ಲಿನ ವಿವರವನ್ನು ತಿದ್ದಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡುವುದು ನಿಮ್ಮ ಹೊಣೆ. ತಪ್ಪಿದರೆ, ನಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಆಗ ನಿಮ್ಮ ವಕೀಲರು ವಿಜಯಪುರಕ್ಕೆ ಬರಬೇಕಾಗುತ್ತದೆ.

ಇಂತಿ,
ಮೋಟಾರ್ ರಿವೈಂಡಿಂಗ್ ಅಂಗಡಿಯ ಮಾಲೀಕ

ಲಗತ್ತು: ಬಿಲ್ ಪ್ರತಿ, ಮೀಟರ್ ಅಳತೆಯ ಮತ್ತು ಸೀಳಿದ ಕೆಪಾಸಿಟರ್‌ನ ಚಿತ್ರಗಳು