ಹಬ್ಬದ ಮೇಣದಬತ್ತಿ ಈ ಸಲ ಗಿಡ್ಡವಾಗಿರುವುದು ಯಾಕೆ?

ಆತ್ಮೀಯ ಗ್ರಾಹಕರೇ,

ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ನೆನಪಿನ ಫೆಬ್ರವರಿ 2ರ ಸಮರ್ಪಣೆಯ ಹಬ್ಬದಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ಒಯ್ಯುವ ಜೇನುಮೇಣದ ಬತ್ತಿ ಇನ್ನು ಮುಂದೆ 30 ಸೆಂಟಿಮೀಟರ್ ಬದಲು 20 ಸೆಂಟಿಮೀಟರ್ ಉದ್ದ ಇರುತ್ತದೆ. ದಪ್ಪ ಮೊದಲಿನಷ್ಟೇ, ಮೇಣವೂ ಅದೇ. ಮಾಡಿಟ್ಟು ಮಾರುವುದನ್ನೂ ನಿಲ್ಲಿಸಿದ್ದೇವೆ. ಮೊದಲೇ ಹೆಸರು ಕೊಟ್ಟು ಬರೆಸಿದಷ್ಟನ್ನು ಮಾತ್ರ ಮಾಡುತ್ತೇವೆ. ಇದರಿಂದ ಆಗುವ ತೊಂದರೆಗೆ ಕ್ಷಮೆ ಇರಲಿ.

ಲಾಭಕ್ಕಾಗಿ ಬತ್ತಿ ಕತ್ತರಿಸಿದ್ದೇವೆ ಎಂಬ ಮಾತು ಆಗಲೇ ಕಿವಿಗೆ ಬಿದ್ದಿದೆ. ಹಾಗಾಗಿ ಲೆಕ್ಕ ಮುಂದಿಡುತ್ತೇವೆ. ನಮ್ಮ ಬತ್ತಿಗಳನ್ನು ಅಚ್ಚಿಗೆ ಸುರಿಯುವುದಿಲ್ಲ, ದಾರವನ್ನು ಮೇಣದಲ್ಲಿ ಅದ್ದಿ ಅದ್ದಿ ಬೆಳೆಸುತ್ತೇವೆ. 30 ಸೆಂ.ಮೀ. ಬತ್ತಿಗೆ ಪಾತ್ರೆ 35 ಸೆಂ.ಮೀ. ಆಳ ಬೇಕು. ಅಗಲ 15 ಸೆಂ.ಮೀ. ಇದ್ದರೂ ಅದಕ್ಕೆ 5 ಕೆ.ಜಿ.ಗಿಂತ ಹೆಚ್ಚು ಮೇಣ ಹಿಡಿಯುತ್ತದೆ. ಕೊನೆಯ ಅದ್ದಿನವರೆಗೂ ಪಾತ್ರೆ ಕಂಠಮಟ್ಟ ತುಂಬಿರಬೇಕು, ಇಲ್ಲವಾದರೆ ಬತ್ತಿಯ ತಲೆ ಸಣಕಲಾಗುತ್ತದೆ. ಇನ್ನೂರು ಬತ್ತಿ ಮಾಡಿದರೂ ಇಪ್ಪತ್ತೇ ಮಾಡಿದರೂ ಅಷ್ಟೂ ಮೇಣವನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು ದಿನವಿಡೀ 70–75 ಡಿಗ್ರಿಯಲ್ಲಿ ಕಾಯಬೇಕು. ಅದಕ್ಕಿಂತ ತಣ್ಣಗಾದರೆ ಪದರ ಗಂಟುಗಂಟಾಗುತ್ತದೆ, ತೀರಾ ಬಿಸಿಯಾದರೆ ಹಿಂದಿನ ಪದರವೇ ಕರಗಿ ಇಳಿಯುತ್ತದೆ, 85 ದಾಟಿದರೆ ಮೇಣ ಕಪ್ಪಿಡುತ್ತದೆ. ಉಳಿದದ್ದನ್ನು ಮುಂದಿನ ಸಲ ಮತ್ತೆ ಕರಗಿಸಬಹುದು, ಆದರೆ ಪ್ರತಿ ಸಲವೂ ಬಣ್ಣ ಮಂಕಾಗಿ ಪರಿಮಳ ಹೋಗುತ್ತದೆ.

ಬೀದಿ ತುಂಬ ಮನೆಗಳಿದ್ದಾಗ ಪಾತ್ರೆಗೆ ಮೇಣ ಸುರಿದಷ್ಟೂ ಸಾಲುತ್ತಿರಲಿಲ್ಲ. ಈಗ ಆ ಮನೆಗಳು ಗೋದಾಮುಗಳಾಗಿವೆ, ಮಕ್ಕಳು ಊರಾಚೆಯ ಬಡಾವಣೆಗಳಿಗೆ ಹೋಗಿದ್ದಾರೆ, ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿಗೆ ಸೇರಿದ, ಕುಟುಂಬಗಳ ಪಟ್ಟಿ ಚಿಕ್ಕದಾಗುತ್ತಲೇ ಇದೆ. ಗಿಡ್ಡ ಬತ್ತಿಗಾದರೆ 25 ಸೆಂ.ಮೀ. ಆಳದ ಪಾತ್ರೆ, ಸುಮಾರು 4 ಕೆ.ಜಿ. ಮೇಣ ಸಾಕು. ಬತ್ತಿಯ ತೂಕ 90 ಗ್ರಾಮಿನಿಂದ 60ಕ್ಕೆ ಇಳಿದಿದೆ. ಬೆಲೆಯೂ ಇಳಿದಿದೆ, ಆದರೆ ಮೂರನೇ ಒಂದರಷ್ಟಲ್ಲ. ಎರಡು ಸೆಂ.ಮೀ. ದಪ್ಪ ಬರಲು ಇಪ್ಪತ್ತೈದಕ್ಕೂ ಹೆಚ್ಚು ಸಲ ಅದ್ದಬೇಕು, ಪ್ರತಿ ಸಲ ಆರಲು ಬಿಡಬೇಕು. ಉದ್ದ ಕಡಿಮೆಯಾದರೆ ಅದ್ದುವ ಕೆಲಸ ಕಡಿಮೆಯಾಗುವುದಿಲ್ಲ. ಮೇಣ ದುಬಾರಿ ಯಾಕೆ ಎಂದು ಕೇಳುವವರು ಇದನ್ನೂ ನೆನೆಯಲಿ: ಒಂದು ಕೆ.ಜಿ. ಮೇಣ ಸ್ರವಿಸಲು ಜೇನುನೊಣಗಳು ಆರರಿಂದ ಎಂಟು ಕೆ.ಜಿ. ಜೇನು ತಿನ್ನುತ್ತವೆ ಎಂಬುದು ಸಾಮಾನ್ಯ ಅಂದಾಜು.

ಇನ್ನು ಮತ್ತೆ ಮತ್ತೆ ಬರುವ ದೂರು: "ಬತ್ತಿಗೆ ಬೂಷ್ಟು ಹಿಡಿದಿದೆ, ಹಳೆಯ ಮಾಲು ಕೊಟ್ಟಿದ್ದೀರಿ, ಪ್ಯಾರಾಫಿನ್ ಬೆರೆಸಿದ್ದೀರಿ." (ಪ್ಯಾರಾಫಿನ್ ಎಂದರೆ ಪೆಟ್ರೋಲಿಯಂನಿಂದ ತೆಗೆಯುವ ಮೇಣ.) ಈ ದೂರು ನಮಗೆ ನಿಜಕ್ಕೂ ನೋವು ಕೊಡುತ್ತದೆ. ಬತ್ತಿಯ ಮೇಲೆ ಕಾಣುವ ಆ ಬಿಳಿ ಪುಡಿ ಬೂಷ್ಟಲ್ಲ. ಶುದ್ಧ ಜೇನುಮೇಣ ತಂಪಿನಲ್ಲಿ ಕೆಲವು ವಾರ ಇದ್ದರೆ ಅದರೊಳಗಿನ ಬೇಗ ಕರಗುವ ಅಂಶಗಳು ಮೇಲ್ಮೈಗೆ ಬಂದು ತೆಳ್ಳಗೆ ಹರಳುಗಟ್ಟುತ್ತವೆ. ಮೆತ್ತನೆಯ ಹತ್ತಿಬಟ್ಟೆಯಿಂದ ಉಜ್ಜಿ, ಇಲ್ಲವೇ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ದೂರದಿಂದ ಕೆಲವು ಕ್ಷಣ ಹಾಯಿಸಿ: ಪುಡಿ ಮಾಯವಾಗಿ ಹೊಳಪು ಬರುತ್ತದೆ. ನಿಜವಾದ ಬೂಷ್ಟು ಬಿಸಿಗೆ ಹಾಗೆ ಕರಗಿಹೋಗುವುದಿಲ್ಲ. ಆಮೇಲೂ ಅನುಮಾನವಿದ್ದರೆ ಒಂದು ಚೂರು ಮುರಿದು ನೋಡಿ. ಜೇನುಮೇಣ ಮುರಿದ ಜಾಗ ಹೊಳಪಿಲ್ಲದೆ ಸಣ್ಣ ರವೆಯಂತಿರುತ್ತದೆ, ಬೆರಳಿನಲ್ಲಿ ಹಿಸುಕಿದರೆ ಮೆದುವಾಗಿ ಅಂಟುತ್ತದೆ. ಪ್ಯಾರಾಫಿನ್ ಜಿಡ್ಡುಜಿಡ್ಡಾಗಿರುತ್ತದೆ.

ಹೊಗೆ, ಸೋರಿಕೆ ಎನ್ನುವವರಿಗೆ: ಹಚ್ಚುವ ಮೊದಲು ದಾರವನ್ನು 6 ಮಿಲಿಮೀಟರಿಗೆ ಕತ್ತರಿಸಿ, ಫ್ಯಾನಿನ ಕೆಳಗೆ ಇಡಬೇಡಿ. ಮೆರವಣಿಗೆಯಲ್ಲಿ ಗಾಳಿಗೆ ಒಂದು ಬದಿ ಸೋರುವುದು ಸಹಜ. ಕಾಗದದ ಬಟ್ಟಲು ಹಾಕಿಕೊಳ್ಳಿ.

ಈಸ್ಟರ್ ಹಬ್ಬಕ್ಕೆ ಚರ್ಚಿನಲ್ಲಿ ಹಚ್ಚುವ ದೊಡ್ಡ ಪಾಸ್ಖ ಮೇಣದಬತ್ತಿಯಲ್ಲಿ ಯಾವ ಬದಲಾವಣೆಯೂ ಇಲ್ಲ. ಅದು ಮೇಣದ್ದೇ ಆಗಿರಬೇಕು, ಪ್ರತಿ ವರ್ಷ ಹೊಸದಿರಬೇಕು, ಕೃತಕವಾಗಿರಬಾರದು ಎಂದು 1988ರ ವ್ಯಾಟಿಕನ್ ಸುತ್ತೋಲೆ ಹೇಳುತ್ತದೆ. ಒಳಗೆ ಎಣ್ಣೆ ತುಂಬುವ ಪ್ಲಾಸ್ಟಿಕ್ ಕೊಳವೆ ಮಾಡಿಕೊಡಿ ಎಂದು ಕೇಳಿದವರಿದ್ದಾರೆ, ಮಾಡುವುದಿಲ್ಲ. ದಪ್ಪ ಬತ್ತಿ ಅವಸರದಲ್ಲಿ ಆರಿದರೆ ಬಿರುಕು ಬಿಡುತ್ತದೆ, ಆದ್ದರಿಂದ ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸು ಕಾಲ ಶುರುವಾಗುವ ಮೊದಲೇ ಅಳತೆ ತಿಳಿಸಿ. ಬತ್ತಿಯ ಮೇಲೆ ವರ್ಷದ ನಾಲ್ಕು ಅಂಕಿಗಳು, ಐದು ಧೂಪದ ಕಣಗಳ ಗುಳಿಗಳು ಎಂದಿನಂತೆ ಇರುತ್ತವೆ.

ಹಬ್ಬದ ಬತ್ತಿಗೆ ಜನವರಿ 10ರೊಳಗೆ ಚರ್ಚಿನ ಕಚೇರಿಯಲ್ಲಿ ಹೆಸರು, ಸಂಖ್ಯೆ ಬರೆಸಿ. ಒಂಟಿಯಾಗಿರುವ ಹಿರಿಯರು ಒಂದೇ ಬತ್ತಿ ಬೇಕೆಂದರೆ ಸಂಕೋಚಪಡಬೇಡಿ. ಒಂದಾದರೂ ಮಾಡುತ್ತೇವೆ, ಮೆಟ್ಟಿಲು ಹತ್ತಿ ತಂದುಕೊಡುತ್ತೇವೆ. ಬೇರೆಡೆಗೆ ಹೋದವರ ಪರವಾಗಿ ನೆಂಟರು ಬರೆಸಿದರೂ ಸರಿ. ಉರಿದುಳಿದ ತುಂಡುಗಳನ್ನು ಹಿಂದಿರುಗಿಸಿದರೆ ತೂಕಕ್ಕೆ ತಕ್ಕಂತೆ ಬೆಲೆಯಲ್ಲಿ ಕಳೆಯುತ್ತೇವೆ. ಅಂಗಡಿಯ ಬಣ್ಣದ ಬತ್ತಿಯ ಚೂರುಗಳನ್ನು ಮಾತ್ರ ಅದರಲ್ಲಿ ಬೆರೆಸಬೇಡಿ, ಒಂದು ಹಿಡಿ ಪ್ಯಾರಾಫಿನ್ ಸೇರಿದರೆ ಇಡೀ ಪಾತ್ರೆಯ ಮೇಣವನ್ನು ಶುದ್ಧ ಎಂದು ಮಾರಲಾಗದು.

ನಿಮ್ಮ ವಿಶ್ವಾಸಿ,
ಮೇಣದಬತ್ತಿ ತಯಾರಕರ ಸಹಕಾರ ಸಂಘ