ಹೊಟ್ಟೆಕಿಚ್ಚಿಗೆ ಮೊಬೈಲನ್ನು ಬೈದರೆ ಹೇಗೆ?

ಮಾನ್ಯ ಸಂಪಾದಕರೇ,

ಈಗಿನವರ ಹೊಟ್ಟೆಕಿಚ್ಚಿಗೆಲ್ಲ ಮೊಬೈಲೇ ಕಾರಣ ಅನ್ನುವ ಮಾತು ನಿಮ್ಮ ಪತ್ರಿಕೆಯಲ್ಲೂ ಆಗಾಗ ಬರುತ್ತಿರುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಪಾಂಡವರ ಸಭಾಭವನ ನೋಡಿ ಬಂದ ದುರ್ಯೋಧನ ಅದೇ ಚಿಂತೆಯಲ್ಲಿ ಸೊರಗಿಹೋದನಲ್ವಾ? ಅವನಿಗೇನು ಕಡಿಮೆಯಿತ್ತು? ಆದರೆ ಸಿರಿ ಬಂದದ್ದು ದಾಯಾದಿಗಳಿಗೆ. ಯಾವುದೋ ದೂರದ ರಾಜನಿಗೆ ಬಂದಿದ್ದರೆ ಅಷ್ಟು ಉರಿ ಇರುತ್ತಿರಲಿಲ್ಲ.

ವಿಷಯ ಇರುವುದು ಅಲ್ಲೇ. ಭಾರಿ ಶ್ರೀಮಂತನನ್ನು ನೋಡಿದರೆ ಬೆರಗಾಗಿ ಸುಮ್ಮನಾಗುತ್ತೇವೆ. ಪಕ್ಕದ ಮೇಜಿನವನಿಗೆ ಬಡ್ತಿ ಸಿಕ್ಕರೆ ಮಾತ್ರ ರಾತ್ರಿ ಊಟ ಸೇರುವುದಿಲ್ಲ. ಮನುಷ್ಯ ತನ್ನನ್ನು ತನ್ನಂಥವರ ಜೊತೆಗೇ ಅಳೆದುಕೊಳ್ಳುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಬರೆದಿದ್ದರು. ಮೊಬೈಲ್ ಆ 'ತನ್ನಂಥವರ' ಸಾಲನ್ನು ಉದ್ದ ಮಾಡಿತು, ಅಷ್ಟೇ.

ಇನ್ನೊಂದು, ಹೊಟ್ಟೆಕಿಚ್ಚು ತನ್ನ ಹೆಸರು ಹೇಳಿಕೊಂಡು ಬರುವುದೇ ಇಲ್ಲ. ಸಿಟ್ಟು ಬಂದಿದೆ ಅಂತ ಒಪ್ಪಿಕೊಳ್ಳುತ್ತೇವೆ, ಸ್ವಲ್ಪ ಆಸೆ ಜಾಸ್ತಿ ಅಂತಲೂ ನಗುತ್ತಾ ಹೇಳುತ್ತೇವೆ, ಇದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಗೆಳೆಯನ ಬಡ್ತಿ ಸುದ್ದಿ ಓದಿ, ಗುಂಪಿನಲ್ಲಿ ಎಲ್ಲರಿಗಿಂತ ಮೊದಲು 'ಅಭಿನಂದನೆಗಳು' ಅಂತ ಹಾಕಿ, ಜೊತೆಗೊಂದು ಹೂಗುಚ್ಛದ ಚಿತ್ರವನ್ನೂ ಇಟ್ಟು, ಮರುಕ್ಷಣ ಇನ್ನೊಬ್ಬರಿಗೆ ಫೋನ್ ಮಾಡಿ 'ಅಲ್ಲಾ, ಇವನಿಗೆ ಹೇಗ್ ಸಿಕ್ತು? ಮೇಲಿನವರ ಕೈ ಇರಬೇಕು' ಅನ್ನುವವರನ್ನು ನೀವೂ ಕಂಡಿರುತ್ತೀರಿ. ಕೇಳಿದರೆ ತಾವು ಮಾತಾಡುತ್ತಿರುವುದು ಅನ್ಯಾಯದ ಬಗ್ಗೆ ಅನ್ನುತ್ತಾರೆ. ಕೆಲವು ಸಲ ಅಲ್ಲಿ ನಿಜಕ್ಕೂ ಅನ್ಯಾಯ ಆಗಿರುತ್ತದೆ, ಅದೇ ಫಜೀತಿ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸೌತೆಕಾಯಿ ಚೂರಿಗೆ ಖುಷಿಯಾಗಿ ಕೆಲಸ ಮಾಡುತ್ತಿದ್ದ ಕಪುಚಿನ್ ಕೋತಿಗಳು, ಅದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಸಿಕ್ಕಿದ್ದು ಕಂಡ ಮೇಲೆ ಎಷ್ಟೋ ಸಲ ಸೌತೆಕಾಯಿಯೇ ಬೇಡ ಅಂದವು. ಅದು ನ್ಯಾಯದ ಸಿಟ್ಟೋ ಕಿಚ್ಚೋ ಅನ್ನುವ ವಾದ ಇದೆ. ನನಗನ್ನಿಸುವಂತೆ, ನ್ಯಾಯದ ಸಿಟ್ಟು ತನಗೂ ದ್ರಾಕ್ಷಿ ಸಿಕ್ಕರೆ ಇಳಿಯುತ್ತದೆ. ಕಿಚ್ಚಿಗೆ ಅಷ್ಟು ಸಾಲದು, ಅವನ ದ್ರಾಕ್ಷಿ ಕೆಳಗೆ ಬೀಳಬೇಕು. 2009ರಲ್ಲಿ ಜಪಾನಿನ ಸಂಶೋಧಕರು ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗಲೂ ಹೆಚ್ಚುಕಡಿಮೆ ಇದೇ ಕಂಡಿತು. ಅಸೂಯೆ ಪಡುವಾಗ ನೋವಿಗೆ ಸಂಬಂಧಿಸಿದ ಭಾಗ ಚುರುಕಾಗುತ್ತಿತ್ತು, ಆ ವ್ಯಕ್ತಿಗೆ ಕೆಟ್ಟದಾಯಿತು ಅಂದಾಗ ಸುಖಕ್ಕೆ ಸಂಬಂಧಿಸಿದ ಭಾಗ.

ಆದರೆ ನಾವೆಲ್ಲ ಕಿಚ್ಚುಪಡುವವರ ಬಗ್ಗೆಯೇ ಮಾತಾಡುತ್ತೇವೆ. ಅದಕ್ಕೆ ಗುರಿಯಾದವರ ಪಾಡು? ಮನೆ ಕಟ್ಟಿಸಿದವರು ಕೇಳುವ ಮೊದಲೇ ಸಾಲದ ಕತೆ ಶುರು ಮಾಡುತ್ತಾರೆ. ಮಗಳಿಗೆ ಒಳ್ಳೆ ಕೆಲಸ ಸಿಕ್ಕಿದ್ದನ್ನು ತಾಯಿ ಸ್ವಂತ ತಂಗಿಗೆ ಹೇಳಲೂ ಹಿಂದೆಮುಂದೆ ನೋಡುತ್ತಾಳೆ. ಕಷ್ಟ ಹೇಳಿಕೊಳ್ಳಲು ಹತ್ತು ಜನ ಇದ್ದಾರೆ, ಖುಷಿ ಹೇಳಿಕೊಳ್ಳಲು ಒಬ್ಬರೂ ಇಲ್ಲ ಅನ್ನುವ ಸ್ಥಿತಿ ಇದು. ಹೊಟ್ಟೆಕಿಚ್ಚು ಬಿಡಿ ಅನ್ನುವ ಉಪದೇಶ ಸಾಕಷ್ಟು ಓದಿ ಆಗಿದೆ, ನಿಮ್ಮ ಅಂಕಣಕಾರರು ಯಾರಾದರೂ ಒಮ್ಮೆ ಇದರ ಬಗ್ಗೆ ಬರೆಯಲಿ.

— ನಿಮ್ಮ ಓದುಗ