ವಿಮಾನದ ಹೊಸ ಆಸನಗಳಲ್ಲಿ ವೀಲ್‌ಚೇರ್‌ಗೆ ಮೊದಲ ಜಾಗ ಕೊಡಿ: ನಾಗರಿಕ ವಿಮಾನಯಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ವಿಮಾನದಲ್ಲಿ ಪ್ರಯಾಣಿಕರನ್ನು ಈಗಿನ ಸಾಲುಸೀಟುಗಳಿಗಿಂತ ಬೇರೆ ರೀತಿಯಲ್ಲಿ ಕೂರಿಸುವ, ಮಲಗಿಸುವ, ಅಷ್ಟೇಕೆ, ಹೆಚ್ಚುಕಡಿಮೆ ನಿಲ್ಲಿಸಿಯೇ ಒಯ್ಯುವ ಪ್ರಸ್ತಾಪಗಳು ಆಗಾಗ ಸುದ್ದಿಯಾಗುತ್ತವೆ. ಇವುಗಳಲ್ಲಿ ಯಾವುದು ಹಾರಾಟಕ್ಕೆ ಬರಬೇಕಾದರೂ ನಿಯಂತ್ರಕರ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಸರದಿಯಲ್ಲಿ, ವೀಲ್‌ಚೇರಿನಲ್ಲಿ ಕುಳಿತವರು ಅದರಲ್ಲೇ ಪ್ರಯಾಣಿಸಬಹುದಾದ ಜಾಗವನ್ನು ಮೊದಲಿಗೆ ಪರಿಗಣಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಅತಿ ಹೆಚ್ಚು ಸದ್ದು ಮಾಡಿದ್ದು ನಿಂತು ಹೋಗುವ ಸೀಟು. ಇಟಲಿಯ ಏವಿಯೋಇಂಟೀರಿಯರ್ಸ್ ಕಂಪನಿ 2010ರಲ್ಲಿ ‘ಸ್ಕೈರೈಡರ್’ ಎಂಬ, ಕುದುರೆಯ ಜೀನನ್ನು ಹೋಲುವ ಆಸನವನ್ನು ತೋರಿಸಿತು. 2018ರಲ್ಲಿ ಅದನ್ನೇ ತಿದ್ದಿ ಮತ್ತೆ ತಂದಿತು. ಸಾಮಾನ್ಯ ಎಕಾನಮಿ ದರ್ಜೆಯಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ 28ರಿಂದ 31 ಇಂಚು ಅಂತರವಿದ್ದರೆ ಇದರಲ್ಲಿ 23 ಇಂಚು ಮಾತ್ರ. ಆದರೆ ಒಂದು ವಿಮಾನ ಎಷ್ಟು ಜನರನ್ನು ಹೊರಬಹುದೆಂಬುದನ್ನು ನೆಲದ ಅಳತೆಯೊಂದೇ ತೀರ್ಮಾನಿಸುವುದಿಲ್ಲ. ತುರ್ತು ಸಂದರ್ಭದಲ್ಲಿ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ಕತ್ತಲಲ್ಲಿ, 90 ಸೆಕೆಂಡುಗಳೊಳಗೆ ಎಲ್ಲರೂ ಹೊರಬರಲು ಸಾಧ್ಯವೆಂದು ತಯಾರಕರು ತೋರಿಸಬೇಕಾಗುತ್ತದೆ. ಬಾಗಿಲುಗಳ ಸಂಖ್ಯೆ ಮತ್ತು ಗಾತ್ರವೇ ಅಲ್ಲಿ ಗರಿಷ್ಠ ಮಿತಿಯನ್ನು ಕಟ್ಟಿಹಾಕುತ್ತವೆ. ಬೋಯಿಂಗ್ 737-800ಕ್ಕೆ ಆ ಮಿತಿ 189. ಅಗ್ಗದ ದರದ ಹಲವು ಕಂಪನಿಗಳು ಈಗಾಗಲೇ ಅಷ್ಟೂ ಸೀಟುಗಳನ್ನು ಹಾಕಿಬಿಟ್ಟಿವೆ. ಅಂಥ ವಿಮಾನದಲ್ಲಿ ಜನರನ್ನು ನಿಲ್ಲಿಸಿದರೂ ಒಬ್ಬ ಪ್ರಯಾಣಿಕನೂ ಹೆಚ್ಚಾಗುವುದಿಲ್ಲ, ಮೊಣಕಾಲುಗಳಿಗೆ ನೋವಾಗುತ್ತದೆ ಅಷ್ಟೆ. ಆಸನಗಳು ಗುರುತ್ವಾಕರ್ಷಣೆಯ 16 ಪಟ್ಟು ಬಲದ ಆಘಾತವನ್ನು ತಡೆಯಬೇಕೆಂಬ ಪರೀಕ್ಷೆ ಇನ್ನೂ ಪ್ರತ್ಯೇಕವಾಗಿ ಕಾದಿರುತ್ತದೆ.

ಮಲಗುವ ವ್ಯವಸ್ಥೆಯ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಅದು ಹೊಸದೂ ಅಲ್ಲ, 1950ರ ದಶಕದ ಬೋಯಿಂಗ್ ಸ್ಟ್ರಾಟೋಕ್ರೂಸರ್ ವಿಮಾನಗಳ ಕಾಲದಲ್ಲೇ ಬರ್ತ್‌ಗಳಿದ್ದವು. ಏರ್ ನ್ಯೂಜಿಲೆಂಡ್ 2020ರಲ್ಲಿ ಪ್ರಕಟಿಸಿದ ‘ಸ್ಕೈನೆಸ್ಟ್’ ಯೋಜನೆಯಲ್ಲಿ ಎಕಾನಮಿ ಪ್ರಯಾಣಿಕರಿಗಾಗಿ ಆರು ಬರ್ತ್‌ಗಳಿವೆ. ಆದರೆ ವಿಮಾನ ಏರುವಾಗ, ಇಳಿಯುವಾಗ ಎಲ್ಲರೂ ಸೀಟಿಗೆ ಮರಳಲೇಬೇಕಾದ್ದರಿಂದ ಬರ್ತ್ ಪಡೆದವರಿಗೆ ಸೀಟೂ ಬೇಕು. ಹೆಚ್ಚು ಹಣ ಕೊಡಬಲ್ಲವರಿಗೆ ಸಿಗುವ ಸೌಕರ್ಯವಾಗಿಯೇ ಅದು ಉಳಿಯಬಹುದು.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಬ್ಯಾಟರಿ ಚಾಲಿತ ವೀಲ್‌ಚೇರ್ ಬಳಸುತ್ತಾಳೆ. ವಿಮಾನದ ಬಾಗಿಲಲ್ಲಿ ಅದನ್ನು ಬಿಟ್ಟುಕೊಡಬೇಕು. ಸೀಟುಗಳ ನಡುವಿನ ಓಣಿಯಲ್ಲಿ ತೂರುವಷ್ಟು ಕಿರಿದಾದ ಇನ್ನೊಂದು ಕುರ್ಚಿಗೆ ಅವಳನ್ನು ವರ್ಗಾಯಿಸಿ, ಎದೆಗೂ ತೊಡೆಗೂ ಪಟ್ಟಿ ಬಿಗಿದು ಒಳಗೆ ತರುತ್ತಾರೆ. ಅಲ್ಲಿ ಒಬ್ಬರು ಕಂಕುಳಿಗೆ ಕೈಕೊಟ್ಟು, ಇನ್ನೊಬ್ಬರು ಮೊಣಕಾಲಿನಡಿ ಹಿಡಿದು, ತೋಳಾಸರೆಯ ಮೇಲಿಂದ ಎತ್ತಿ ಸೀಟಿಗೆ ಇಳಿಸುತ್ತಾರೆ. ಅವಳ ಬೆನ್ನಿನ ವಕ್ರತೆಗೆ ತಕ್ಕಂತೆ ಮಾಡಿಸಿದ ಮೆತ್ತೆ ವೀಲ್‌ಚೇರಿನ ಜೊತೆಗೇ ಸರಕಿನ ಕೋಣೆ ಸೇರುತ್ತದೆ. ಶೌಚಾಲಯಕ್ಕೆ ಹೋಗುವ ಕಷ್ಟ ನೆನೆದು ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾಳೆ. ಕೆಳಗಿಟ್ಟ ಕುರ್ಚಿಯ ಜಾಯ್‌ಸ್ಟಿಕ್ ಮುರಿದಿದೆಯೇ ಎಂಬುದು ಇಳಿದ ಮೇಲೆಯೇ ಗೊತ್ತಾಗುವುದು. ಲಗೇಜು ಹಾಳಾದಂತೆ ಇದನ್ನು ನೋಂದಾಯಿಸಿಕೊಳ್ಳುವ ಸಿಬ್ಬಂದಿಗೆ, ಅವಳ ಓಡಾಟವೇ ನಿಂತುಹೋಯಿತೆಂದು ವಿವರಿಸುವುದು ಸುಲಭವಲ್ಲ.

ಇದಕ್ಕೆ ಪರಿಹಾರ ಕಲ್ಪನೆಯಲ್ಲಷ್ಟೇ ಇಲ್ಲ. ಬ್ರಿಟನ್ನಿನ ‘ಏರ್4ಆಲ್’ ಗುಂಪಿನ ವಿನ್ಯಾಸದಲ್ಲಿ ಸೀಟಿನ ಕೂರುವ ಭಾಗ ಮಡಚಿಕೊಂಡು, ಆ ಜಾಗದಲ್ಲಿ ವೀಲ್‌ಚೇರನ್ನು ಭದ್ರವಾಗಿ ಬಂಧಿಸಬಹುದು. ವೀಲ್‌ಚೇರ್ ಇಲ್ಲದ ದಿನ ಅದೇ ಸೀಟಿನಲ್ಲಿ ಬೇರೆ ಪ್ರಯಾಣಿಕರು ಕೂರಬಹುದಾದ್ದರಿಂದ ಕಂಪನಿಗೆ ಆ ಸೀಟು ನಷ್ಟವಾಗುವುದಿಲ್ಲ. 2023ರಲ್ಲಿ ಅಮೆರಿಕದ ಡೆಲ್ಟಾ ಏರ್‌ಲೈನ್ಸ್‌ನ ಅಂಗಸಂಸ್ಥೆ ಡೆಲ್ಟಾ ಫ್ಲೈಟ್ ಪ್ರಾಡಕ್ಟ್ಸ್ ಇದರ ಮಾದರಿಯನ್ನು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪ್ರದರ್ಶಿಸಿತು. ದಾಟಲಾಗದಷ್ಟು ದೊಡ್ಡ ತಾಂತ್ರಿಕ ಅಡ್ಡಿಗಳು ಕಾಣುತ್ತಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2021ರಲ್ಲೇ ಹೇಳಿದೆ. ಕುರ್ಚಿಯ ತೂಕ, ಅದರ ಬ್ಯಾಟರಿ, ಆಘಾತದ ಪರೀಕ್ಷೆ ಇವೆಲ್ಲ ನಿಜವಾದ ಪ್ರಶ್ನೆಗಳೇ ಎಂದು ಒಪ್ಪುತ್ತೇನೆ. ಆದರೆ ರಸ್ತೆ ವಾಹನಗಳಿಗಾಗಿ ವೀಲ್‌ಚೇರುಗಳನ್ನು ಡಿಕ್ಕಿ ಪರೀಕ್ಷೆಗೆ ಒಡ್ಡುವ ಪದ್ಧತಿ ಬಹುಕಾಲದಿಂದ ಇರುವುದರಿಂದ, ಕೆಲಸವನ್ನು ಸೊನ್ನೆಯಿಂದ ಶುರುಮಾಡಬೇಕಿಲ್ಲ.

ಹೀಗಾಗಿ, ವಿಮಾನದೊಳಗೆ ಬಂಧಿಸಬಹುದಾದ ವೀಲ್‌ಚೇರಿಗೆ ಪ್ರಮಾಣಪತ್ರ ನೀಡುವ ಮಾನದಂಡವನ್ನು ಕಾಲಮಿತಿಯೊಳಗೆ ರೂಪಿಸಲು ತಾವು ಆದೇಶಿಸಬೇಕು, ಅದನ್ನು ರೂಪಿಸುವ ಸಮಿತಿಯಲ್ಲಿ ವೀಲ್‌ಚೇರ್ ಬಳಸುವವರು ಮತದಾನದ ಹಕ್ಕುಳ್ಳ ಸದಸ್ಯರಾಗಿರಬೇಕು. ಜೊತೆಗೆ, ಹೊಸ ಆಸನ ವಿನ್ಯಾಸಗಳಿಗಾಗಿ ನಡೆಯುವ ತುರ್ತು ತೆರವಿನ ಪರೀಕ್ಷೆಗಳಲ್ಲಿ ಯಾರು ಭಾಗವಹಿಸುತ್ತಾರೆಂಬುದನ್ನೂ ಪರಿಶೀಲಿಸಿ. ಸೀಟುಗಳ ಅಂತರದ ಬಗ್ಗೆ ಅಮೆರಿಕದ ವಿಮಾನಯಾನ ಆಡಳಿತ 2019-20ರಲ್ಲಿ ನಡೆಸಿದ ಪ್ರಯೋಗಗಳಲ್ಲಿ 18ರಿಂದ 60 ವರ್ಷದೊಳಗಿನ ಸದೃಢರು ಮಾತ್ರ ಇದ್ದರು. ವಯಸ್ಸಾದವರೂ ನಡೆಯಲಾಗದವರೂ ಇಲ್ಲದ ಪರೀಕ್ಷೆಯ ಆಧಾರದ ಮೇಲೆ ಯಾವ ವಿನ್ಯಾಸಕ್ಕೂ ಒಪ್ಪಿಗೆ ನೀಡಬೇಡಿ. ಈ ಎರಡು ವಿಷಯಗಳಲ್ಲಿ ಇಲಾಖೆಯ ನಿಲುವನ್ನು ಲಿಖಿತವಾಗಿ, ಸಾರ್ವಜನಿಕವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಮಾನ ಪ್ರಯಾಣಿಕ